ಆರೈಕೆ ಮುಗಿದ ಮೇಲೆ: ಮನೆಯಲ್ಲಿ ರೋಗಿಯನ್ನು ನೋಡಿಕೊಂಡವರಿಗೆ, ಸಾವಿನ ನಂತರದ ದಿನಗಳಿಗೊಂದು ಮಾರ್ಗದರ್ಶಿ

ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೋಡಿಕೊಂಡವರಿಂದ ಸಾವು ಒಂದೇ ಏಟಿಗೆ ಎರಡನ್ನು ಕಿತ್ತುಕೊಳ್ಳುತ್ತದೆ. ಪ್ರೀತಿಯ ಜೀವ ಹೋಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಕೈತುಂಬ ಇದ್ದ ಕೆಲಸವೂ ಹೋಗುತ್ತದೆ. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಂದು ಸಮಾಧಾನ ಹೇಳುತ್ತಾರೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. "ಇನ್ನಾದರೂ ನೀನು ಸ್ವಲ್ಪ ಆರಾಮಾಗಿರು" ಅಂತ ಹೇಳಿ ಹೊರಟುಬಿಡುತ್ತಾರೆ. ಆರಾಮಾಗಿ ಇರುವುದು ಹೇಗೆ ಅನ್ನೋದೇ ಅಷ್ಟರಲ್ಲಿ ಮರೆತುಹೋಗಿರುತ್ತದೆ, ಅಲ್ವಾ?

ಗಂಡ, ಹೆಂಡತಿ, ಅಪ್ಪ, ಅಮ್ಮ, ಮಗು, ಯಾರನ್ನೇ ಆಗಲಿ ಮನೆಯಲ್ಲಿ ನೋಡಿಕೊಂಡು ಕೊನೆಗೆ ಕಳೆದುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಹೆಜ್ಜೆಗಳಾಗಿ ಜೋಡಿಸಿದ್ದೇನೆ. ಆದರೆ ಇದೇ ಕ್ರಮದಲ್ಲಿ ಹೋಗಬೇಕು ಅಂತೇನಿಲ್ಲ. ಇವತ್ತು ಯಾವುದು ಸಾಧ್ಯವೋ ಅದರಿಂದ ಶುರು ಮಾಡಿ.

ಹೆಜ್ಜೆ 1: ಮೊದಲು ದೇಹವನ್ನು ನೋಡಿಕೊಳ್ಳಿ

ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ಏಳುತ್ತಿದ್ದವರಿಗೆ ಈಗಲೂ ಎರಡು ಗಂಟೆಗೇ ಎಚ್ಚರವಾಗುತ್ತದೆ. ಪಕ್ಕದ ಕೋಣೆಯಲ್ಲಿ ಕೆಮ್ಮಿದ ಹಾಗೆ ಕೇಳಿಸುತ್ತದೆ. ಎದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಹಾಸಿಗೆ ಖಾಲಿ ಇದೆ ಅನ್ನೋದು ನೆನಪಾಗುತ್ತದೆ. ತಲೆ ಕೆಟ್ಟಿತೇನೋ ಅಂತ ಹೆದರಬೇಡಿ. ವೇಲ್ಸ್‌ನ ವೈದ್ಯ ಡೆವಿ ರೀಸ್ ಅವರು ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಅನುಭವ ಆಗಿತ್ತು. ಕೆಲವರಿಗೆ ಧ್ವನಿ ಕೇಳಿಸಿತ್ತು, ಕೆಲವರಿಗೆ ಹೋದವರು ಪಕ್ಕದಲ್ಲೇ ಇದ್ದಾರೆ ಅನ್ನಿಸಿತ್ತು. ಬಹಳಷ್ಟು ಜನ ಅದನ್ನು ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ.

ಮೊಬೈಲ್‌ನಲ್ಲಿ ಮಾತ್ರೆಗೆ, ಇಂಜೆಕ್ಷನ್‌ಗೆ, ಮಗ್ಗುಲು ಬದಲಿಸಲು ಇಟ್ಟ ಅಲಾರಂಗಳನ್ನು ತೆಗೆದುಬಿಡಿ. ನಿಮ್ಮ ಕೈಯಲ್ಲಿ ಆಗದಿದ್ದರೆ ಮನೆಯವರಿಗೆ ಫೋನ್ ಕೊಟ್ಟು ತೆಗೆಸಿ. ಒಂದು ಅಲಾರಂ ಉಳಿದಿದ್ದರೂ ಅದು ಹೊಡೆದಾಗ ಎದೆ ಧಸಕ್ಕೆನ್ನುತ್ತದೆ. ಎಚ್ಚರವಾದರೆ ಮಲಗಿಕೊಂಡೇ ಒದ್ದಾಡಬೇಡಿ. ಎದ್ದು ಸ್ವಲ್ಪ ಹೊತ್ತು ಕುಳಿತು, ನಿದ್ದೆ ಬಂದಾಗ ಮಲಗಿ. ಬೆಳಿಗ್ಗೆ ಏಳುವ ಹೊತ್ತನ್ನು ಮಾತ್ರ ದಿನವೂ ಒಂದೇ ಇಟ್ಟುಕೊಳ್ಳಿ. ನಿದ್ದೆ ಸರಿಹೋಗಲು ವಾರಗಳೇ ಹಿಡಿಯಬಹುದು. ಮನೆಯಲ್ಲಿ ಉಳಿದ ರೋಗಿಯ ನಿದ್ದೆ ಮಾತ್ರೆಯನ್ನು ನೀವು ನುಂಗಬೇಡಿ. ಕುಡಿತದ ಸಹಾಯವನ್ನೂ ಪಡೆಯಬೇಡಿ.

ಹಸಿವಾಗದಿದ್ದರೂ ಹೊತ್ತಿಗೆ ಸರಿಯಾಗಿ ಒಂದಿಷ್ಟು ತಿನ್ನಿ, ನೀರು ಕುಡಿಯಿರಿ. ಗಂಟಲು ಕಟ್ಟಿದಂತೆ ಆಗುವುದು, ಉಸಿರು ಸಾಲದೆ ಮೇಲಿಂದ ಮೇಲೆ ನಿಟ್ಟುಸಿರು ಬರುವುದು, ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ, ಕೈಕಾಲಲ್ಲಿ ಬಲವೇ ಇಲ್ಲದಿರುವುದು, ಇವೆಲ್ಲ ದುಃಖದ ಲಕ್ಷಣಗಳೇ. ಬೋಸ್ಟನ್ನಿನ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲೇ ಇವನ್ನು ದಾಖಲಿಸಿದ್ದರು. ಆದರೆ ಎದೆನೋವು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು ಕಿತ್ತುಕೊಂಡರೆ "ದುಃಖಕ್ಕೆ ಹೀಗಾಗಿದೆ" ಅಂತ ಸುಮ್ಮನೆ ಕೂರಬೇಡಿ. ತುಂಬ ಹತ್ತಿರದವರು ಸತ್ತ ಮೊದಲ ದಿನಗಳಲ್ಲಿ ಹೃದಯಾಘಾತದ ಅಪಾಯ ಮಾಮೂಲಿಗಿಂತ ಹೆಚ್ಚಿರುತ್ತದೆ. ಮೊದಲೇ ಹೃದಯದ ತೊಂದರೆ ಇರುವವರು ಈ ಗಲಾಟೆಯಲ್ಲಿ ತಮ್ಮ ಮಾತ್ರೆಗಳನ್ನು ತಪ್ಪಿಸಲೇಬಾರದು.

ಒಂದು ತಿಂಗಳೊಳಗೆ ನಿಮಗಾಗಿ ಒಬ್ಬ ವೈದ್ಯರನ್ನು ನೋಡಿ. ನಿಮ್ಮ ಬಿಪಿ, ಶುಗರ್, ಎತ್ತಿ ಇಳಿಸಿ ಹಾಳಾದ ಸೊಂಟ, ಮುಂದೂಡುತ್ತಲೇ ಬಂದ ಹಲ್ಲುನೋವು, ಎಲ್ಲವೂ ಅಲ್ಲೇ ಕಾಯುತ್ತಿವೆ. ಒಳಗೆ ಹೋದ ಕೂಡಲೇ ಹೇಳಿ: "ನಾನು ಇಷ್ಟು ದಿನ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿದ್ದೆ, ಅವರು ಹೋಗಿಬಿಟ್ಟರು." ಈ ಒಂದು ಮಾತು ಹೇಳಿದರೆ ವೈದ್ಯರು ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಹೆಜ್ಜೆ 2: ಉಳಿದ ಔಷಧಿ ಮತ್ತು ಸಾಮಾನು

ಇದರಲ್ಲಿ ಒಂದು ಭಾಗಕ್ಕೆ ಅವಸರವಿದೆ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ಬೆರೆಸಬೇಡಿ.

ಅವಸರ ಇರುವುದು ಅಪಾಯಕಾರಿ ಔಷಧಿಗಳಿಗೆ. ನೋವಿಗೆ ಕೊಟ್ಟ ಮಾರ್ಫಿನ್ ಮಾತ್ರೆ, ನೋವಿಗೇ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್, ನಿದ್ದೆ ಮಾತ್ರೆ, ಇನ್ಸುಲಿನ್, ಇವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬಳಸಿ ತೆಗೆದ ಫೆಂಟನಿಲ್ ಪ್ಯಾಚ್‌ನಲ್ಲೂ ಮಗುವಿನ ಜೀವ ತೆಗೆಯುವಷ್ಟು ಔಷಧಿ ಉಳಿದಿರಬಹುದು. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ ಇಡಿ. ಔಷಧಿ ಕೊಟ್ಟ ಆಸ್ಪತ್ರೆಗೆ ಅಥವಾ ಮೆಡಿಕಲ್ ಸ್ಟೋರ್‌ಗೆ ಫೋನ್ ಮಾಡಿ, ವಾಪಸ್ ತೆಗೆದುಕೊಳ್ಳುತ್ತಾರಾ, ಇಲ್ಲದಿದ್ದರೆ ಹೇಗೆ ವಿಲೇವಾರಿ ಮಾಡಬೇಕು ಅಂತ ಕೇಳಿ. ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಮಕ್ಕಳ ಸಲುವಾಗಿ ಮಾತ್ರ ಈ ಮಾತು ಹೇಳುತ್ತಿಲ್ಲ. ದುಃಖದ ಕೆಟ್ಟ ರಾತ್ರಿಯೊಂದರಲ್ಲಿ ಇವು ನಿಮ್ಮ ಕೈಗೂ ಸಿಗಬಾರದು. ಬಾಡಿಗೆಗೆ ತಂದ ಮಂಚ, ಆಕ್ಸಿಜನ್ ಯಂತ್ರ ಇದ್ದರೆ ವಾಪಸ್ ಕಳಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ. ಅದನ್ನು ಒಯ್ಯುವಾಗ ನೀವು ಮನೆಯಲ್ಲಿ ಇರಬೇಕೋ ಬೇಡವೋ ಅನ್ನೋದನ್ನು ನೀವೇ ಮೊದಲು ತೀರ್ಮಾನಿಸಿ. ಹೊರಗೆ ಹೋಗಿ ಬರುವಷ್ಟರಲ್ಲಿ ಕೋಣೆ ಖಾಲಿಯಾಗಿದ್ದರೆ ಕೆಲವರಿಗೆ ಹಗುರ, ಇನ್ನು ಕೆಲವರಿಗೆ ಅದೇ ದೊಡ್ಡ ಆಘಾತ.

ಅವಸರ ಇಲ್ಲದ್ದು ಉಳಿದ ಎಲ್ಲಕ್ಕೂ. ಬಟ್ಟೆ, ಕನ್ನಡಕ, ಊರುಗೋಲು, ವಾರದ ಮಾತ್ರೆ ಡಬ್ಬಿ. ಆ ಡಬ್ಬಿಯಲ್ಲಿ ಬುಧವಾರದವರೆಗಿನ ಮನೆಗಳು ಖಾಲಿ, ಗುರುವಾರದಿಂದ ತುಂಬಿಕೊಂಡೇ ಇವೆ. ಮಾತ್ರೆ ತೆಗೆದುಹಾಕಿ. ಡಬ್ಬಿಯನ್ನು ಬೇಕಿದ್ದರೆ ಇಟ್ಟುಕೊಳ್ಳಿ. ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ "ಎಲ್ಲ ಕ್ಲೀನ್ ಮಾಡಿಬಿಡೋಣ, ನೋಡಿದಷ್ಟೂ ನೋವು ಜಾಸ್ತಿ" ಅಂದರೆ, "ಈಗ ಬೇಡ, ನಾನೇ ಹೇಳ್ತೀನಿ" ಅಂತ ಹೇಳುವ ಹಕ್ಕು ನಿಮಗಿದೆ.

ಹೆಜ್ಜೆ 3: ನಿರಾಳ ಅನ್ನಿಸಿದರೆ ಅನ್ನಿಸಲಿ

ನೋಡಿಕೊಂಡವರು ಬಾಯಿಬಿಟ್ಟು ಹೇಳದ ಮಾತು ಇದು. ಉಸಿರು ನಿಂತಾಗ ಅಳು ಬರುವ ಮೊದಲು "ಸದ್ಯ, ಮುಗಿಯಿತು" ಅನ್ನಿಸಿತು. ಆಮೇಲೆ ಆ ಒಂದು ಕ್ಷಣಕ್ಕಾಗಿ ತಿಂಗಳುಗಟ್ಟಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮರೆವಿನ ರೋಗ ಬಂದವರನ್ನು ಮನೆಯಲ್ಲಿ ನೋಡಿಕೊಂಡು ಕಳೆದುಕೊಂಡ 217 ಜನರನ್ನು ಅಮೆರಿಕದಲ್ಲಿ ಅಧ್ಯಯನ ಮಾಡಿದರು. 2003ರಲ್ಲಿ ಅದು ಪ್ರಕಟವಾಯಿತು. ಸಾವಿನಿಂದ ತಮಗೆ ನಿರಾಳವಾಯಿತು ಅಂತ ಅವರಲ್ಲಿ ಶೇ 72ರಷ್ಟು ಜನ ಹೇಳಿದರು. ರೋಗಿಗೂ ಅದು ಬಿಡುಗಡೆಯೇ ಅಂದವರು ಶೇ 90ಕ್ಕೂ ಹೆಚ್ಚು. ಇವರು ಪ್ರೀತಿ ಇಲ್ಲದವರಲ್ಲ. ಅರ್ಧದಷ್ಟು ಜನ ವಾರಕ್ಕೆ ಕನಿಷ್ಠ 46 ಗಂಟೆ ಆರೈಕೆಯಲ್ಲೇ ಕಳೆದವರು. ನರಳಾಟ ನಿಂತಿತು ಅನ್ನೋ ನಿರಾಳವೇ ಬೇರೆ, ಮನುಷ್ಯರು ಹೋದರು ಅನ್ನೋ ಸಂಕಟವೇ ಬೇರೆ. ಎರಡೂ ಒಂದೇ ಎದೆಯಲ್ಲಿ, ಒಂದೇ ಗಂಟೆಯಲ್ಲಿ ಇರುತ್ತವೆ. ಒಂದು ಇದ್ದರೆ ಇನ್ನೊಂದು ಸುಳ್ಳಾಗುವುದಿಲ್ಲ.

ಹೆಜ್ಜೆ 4: ಕೊರೆಯುವ ಪ್ರಶ್ನೆಗಳನ್ನು ಬರೆದು ವೈದ್ಯರ ಮುಂದಿಡಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಬಿಡಲೇಬಾರದ ಹೆಜ್ಜೆ ಇದು.

ಆರೈಕೆ ಮಾಡಿದವರ ದುಃಖದಲ್ಲಿ ಬೇರೆಯವರಿಗಿಲ್ಲದ ಒಂದು ಮುಳ್ಳಿದೆ. ದೂರದಿಂದ ಬಂದವರು ಸಾವನ್ನು ಕೇಳಿದರು. ನೀವು ಸಾವಿನ ಪಕ್ಕದಲ್ಲೇ ಕೈಯಲ್ಲಿ ಔಷಧಿ ಹಿಡಿದು ನಿಂತಿದ್ದಿರಿ. ಹಾಗಾಗಿ ಪ್ರತಿಯೊಂದು ನಿರ್ಧಾರವೂ ನಿಮ್ಮದೇ ತಪ್ಪಿನಂತೆ ಕಾಣುತ್ತದೆ. ಒಂದು ಹಾಳೆ ತೆಗೆದುಕೊಳ್ಳಿ. ರಾತ್ರಿ ತಲೆಯಲ್ಲಿ ತಿರುಗುವ ಪ್ರಶ್ನೆಗಳನ್ನು ಹೇಗಿವೆಯೋ ಹಾಗೇ ಬರೆಯಿರಿ. ಆಮೇಲೆ ಚಿಕಿತ್ಸೆ ಕೊಟ್ಟ ವೈದ್ಯರ ಅಥವಾ ನರ್ಸ್‌ಗಳ ಹತ್ತಿರ ಹದಿನೈದು ನಿಮಿಷ ಸಮಯ ಕೇಳಿ. ರೋಗಿ ಇಲ್ಲದ ಮೇಲೆ ಯಾಕೆ ಹೋಗೋದು ಅನ್ನಿಸಬಹುದು. ಹೋಗಿ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ಉತ್ತರಗಳನ್ನು ಬರೆದುಕೊಳ್ಳಲಿ. ಕೇಳಿದ್ದು ನಿಮಗೆ ಅರ್ಧ ನೆನಪಿರುವುದಿಲ್ಲ.

ಮತ್ತೆ ಮತ್ತೆ ಬರುವ ಕೆಲವು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಹೇಳುತ್ತೇನೆ.

"ಕೊನೆಯ ಮಾರ್ಫಿನ್ ಕೊಟ್ಟಿದ್ದು ನಾನೇ. ಅದಾಗಿ ಅರ್ಧ ಗಂಟೆಗೆ ಹೋದರು. ನಾನೇ ಕೊಂದೆನಾ?" ಇಲ್ಲ. ನೋವಿಗೆ, ಉಬ್ಬಸಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ತರುವುದಿಲ್ಲ. ಕೊನೆಯ ದಿನಗಳಲ್ಲಿ ಕೆಲವು ಗಂಟೆಗೊಮ್ಮೆ ಔಷಧಿ ಕೊಡುತ್ತಲೇ ಇರುವಾಗ ಯಾವುದೋ ಒಂದು ಡೋಸ್ ಕೊನೆಯದಾಗಲೇಬೇಕು. ಅದು ನಿಮ್ಮ ಕೈಯಿಂದ ಆಯಿತು, ಯಾಕೆಂದರೆ ಅಲ್ಲಿ ಇದ್ದವರು ನೀವು.

"ಊಟ ಬಿಟ್ಟರು. ನಾನು ಬಲವಂತ ಮಾಡಬೇಕಿತ್ತಾ?" ಸಾವು ಹತ್ತಿರವಾದಾಗ ದೇಹಕ್ಕೆ ಆಹಾರ ಬೇಡವಾಗುತ್ತದೆ, ನುಂಗುವ ಶಕ್ತಿಯೂ ಹೋಗುತ್ತದೆ. ಹಸಿವಿನಿಂದ ಸತ್ತರು ಅಂದುಕೊಳ್ಳಬೇಡಿ. ರೋಗ ದೇಹವನ್ನು ಮುಗಿಸುತ್ತ ಬಂದಿದ್ದರಿಂದ ಊಟ ನಿಂತಿತು. ಬಲವಂತ ಮಾಡಿದ್ದರೆ ತಿನ್ನಿಸಿದ್ದು ಶ್ವಾಸನಾಳಕ್ಕೆ ಹೋಗುವ ಅಪಾಯವಿತ್ತು.

"ಕೊನೆಗೆ ಗಂಟಲಲ್ಲಿ ಗೊರಗೊರ ಶಬ್ದ. ಎಷ್ಟು ಕಷ್ಟಪಟ್ಟರೋ." ಆ ಸದ್ದು ಕೇಳಿದವರು ಅದನ್ನು ಮರೆಯುವುದಿಲ್ಲ. ಅದು ನುಂಗಲಾಗದೆ ಗಂಟಲಲ್ಲಿ ನಿಂತ ಎಂಜಲು, ಕಫದ ಸದ್ದು. ಅಷ್ಟು ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಎಚ್ಚರ ಇರುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೇ ಅದರ ಸಂಕಟ ಹೆಚ್ಚು.

"ಇಷ್ಟು ದಿನ ಬಿಟ್ಟು ಕದಲಲಿಲ್ಲ. ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಹೋಗಿಬಿಟ್ಟರು." ಇದು ಎಷ್ಟೊಂದು ಮನೆಗಳಲ್ಲಿ ಆಗುತ್ತದೆ ಅಂದರೆ, ಇಂಥ ರೋಗಿಗಳ ಜೊತೆ ಕೆಲಸ ಮಾಡುವ ನರ್ಸ್‌ಗಳು ಮನೆಯವರಿಗೆ ಮೊದಲೇ ಇದನ್ನು ಹೇಳಿಟ್ಟಿರುತ್ತಾರೆ. ನೀವು ಕೊಟ್ಟ ಸಾವಿರ ಗಂಟೆಗಳನ್ನು ಆ ಹತ್ತು ನಿಮಿಷ ಅಳಿಸಿಹಾಕಲಾರದು.

ಸಿಟ್ಟು ಬಂದು ಒಮ್ಮೆ ಗದರಿದ್ದು, ಬೇಸರದಲ್ಲಿ ಬಾಯಿಗೆ ಬಂದಂತೆ ಅಂದದ್ದು ಮಾತ್ರ ವೈದ್ಯರಿಂದ ಪರಿಹಾರ ಆಗುವಂಥದ್ದಲ್ಲ. ಅದಕ್ಕೆ ಒಂದು ಪತ್ರ ಬರೆಯಿರಿ, ಹೋದವರ ಹೆಸರಿಗೇ. ಕ್ಷಮೆ ಕೇಳಬೇಕಿದ್ದರೆ ಕೇಳಿ. ನಿಮಗೂ ಅವರ ಮೇಲೆ ಕೋಪ ಉಳಿದಿದ್ದರೆ ಅದನ್ನೂ ಬರೆಯಿರಿ. ರೋಗ ಬಂದವರೆಲ್ಲ ಶಾಂತವಾಗಿ ಇರುವುದಿಲ್ಲ. ಬೈಯುತ್ತಾರೆ, ತಟ್ಟೆ ತಳ್ಳುತ್ತಾರೆ, ನಿನ್ನನ್ನು ನಂಬಲ್ಲ ಅನ್ನುತ್ತಾರೆ. ಸತ್ತ ಕೂಡಲೇ ಅವರನ್ನು ದೇವರಂತೆ ಕೂರಿಸಿ, ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟಿಕೊಂಡರೆ ಆ ಭಾರ ಇಳಿಯುವುದೇ ಇಲ್ಲ.

ಹೆಜ್ಜೆ 5: ಖಾಲಿ ಗಂಟೆಗಳಿಗೆ ಒಂದು ವ್ಯವಸ್ಥೆ

ದಿನದ ಯಾವ ಹೊತ್ತು ತಡೆಯಲಾಗದು ಅನ್ನೋದನ್ನು ಒಂದು ವಾರ ಗಮನಿಸಿ. ಹೆಚ್ಚಿನವರಿಗೆ ಅದು ಆರೈಕೆಯ ಹೊತ್ತೇ ಆಗಿರುತ್ತದೆ: ಬೆಳಿಗ್ಗೆ ಮೈ ಒರೆಸುತ್ತಿದ್ದ ಹೊತ್ತು, ಸಂಜೆ ಮಾತ್ರೆಯ ಹೊತ್ತು. ಇಡೀ ದಿನವನ್ನು ತುಂಬಿಸಲು ಹೋಗಬೇಡಿ. ಆ ಒಂದೆರಡು ಗಂಟೆಗೆ ಮಾತ್ರ ಏನಾದರೂ ಇಟ್ಟುಕೊಳ್ಳಿ. ಹತ್ತು ನಿಮಿಷದ ನಡಿಗೆ ಸಾಕು. ಒಬ್ಬರಿಗೆ ಫೋನ್ ಸಾಕು. ಕೈಗೆ ಕೆಲಸ ಕೊಡುವಂಥದ್ದಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಖಾಲಿ ಅನ್ನಿಸುತ್ತಿರುವುದು ಮನಸ್ಸಿಗೆ ಎಷ್ಟೋ ಕೈಗಳಿಗೂ ಅಷ್ಟೇ.

ಅಳುವ ದಿನ ಅಳಿ. ಬ್ಯಾಂಕಿನ ಕೆಲಸ ಮಾಡುವ ದಿನ ಅದನ್ನೇ ಮಾಡಿ, ಅವತ್ತು ನೆನಪಾಗಲಿಲ್ಲ ಅಂತ ಕೊರಗಬೇಡಿ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನೋ ಸಂಶೋಧಕರು 1999ರಲ್ಲಿ ಹೇಳಿದ್ದು ಇದನ್ನೇ. ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆಗೆ, ಒಮ್ಮೆ ಬದುಕಿನ ಕೆಲಸಗಳ ಕಡೆಗೆ ತೂಗಾಡುತ್ತಲೇ ಇರುತ್ತಾರೆ. ಆ ತೂಗಾಟವೇ ಆರೋಗ್ಯಕರ. ಸದಾ ನೋವಲ್ಲೇ ಮುಳುಗುವುದಾಗಲಿ, ಸದಾ ಕೆಲಸದಲ್ಲಿ ತಲೆ ಹುದುಗಿಸುವುದಾಗಲಿ ಆಗಿಬರುವುದಿಲ್ಲ.

"ಐದು ಹಂತ"ದ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಇದನ್ನು ಮುಂದಿಟ್ಟಾಗ ಅವರು ಮಾತಾಡಿಸಿದ್ದು ಸಾಯುತ್ತಿರುವ ರೋಗಿಗಳನ್ನು. ಮನೆಯವರ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ. ನಾನು ಯಾವ ಹಂತದಲ್ಲಿದ್ದೇನೆ ಅಂತ ಅಳೆಯಲು ಹೋಗಬೇಡಿ. ಅಲ್ಲದೆ, ದೀರ್ಘ ಕಾಯಿಲೆಯಲ್ಲಿ ಕಣ್ಣೆದುರೇ ಒಬ್ಬರು ದಿನಕ್ಕಿಷ್ಟು ಕರಗುವುದನ್ನು ನೋಡಿದ ನೀವು ಸಾವಿಗೆ ಮೊದಲೇ ಬೇಕಾದಷ್ಟು ಅತ್ತಿರುತ್ತೀರಿ. ಅದಕ್ಕೇ ಕೆಲವರಿಗೆ ಅಂತ್ಯಕ್ರಿಯೆಯ ದಿನ ಕಣ್ಣೀರೇ ಬರುವುದಿಲ್ಲ. ನೋಡಿದವರು ಏನಾದರೂ ಅಂದುಕೊಳ್ಳಲಿ.

ಹೆಜ್ಜೆ 6: ಕಾಗದಪತ್ರ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಮೊದಲ ಸಲವೇ ಹೆಚ್ಚಾಗಿ ಮಾಡಿಸಿ, ಎಲ್ಲ ಕಡೆ ಕೇಳುತ್ತಾರೆ. ಒಂದು ಫೈಲ್, ಒಂದು ಪಟ್ಟಿ, ದಿನಕ್ಕೆ ಒಂದೇ ಕೆಲಸ. ಲೆಕ್ಕಪತ್ರ ಗೊತ್ತಿರುವ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ಮನೆ ಮಾರುವುದು, ಊರು ಬಿಡುವುದು, ದೊಡ್ಡ ಮೊತ್ತ ಯಾರಿಗಾದರೂ ಕೊಡುವುದು, ಇವನ್ನು ಸಾಧ್ಯವಾದರೆ ಒಂದು ವರ್ಷ ಮುಂದೂಡಿ. ಆರೈಕೆಗಾಗಿ ನೀವು ಕೆಲಸ ಬಿಟ್ಟಿದ್ದರೆ, ಸಾಲ ಆಗಿದ್ದರೆ, ಅದನ್ನು ಮನೆಯವರ ಮುಂದೆ ಬೇಗ ಬಿಚ್ಚಿಡಿ. ಮುಚ್ಚಿಟ್ಟ ಸಾಲ ದುಃಖವನ್ನು ಇನ್ನಷ್ಟು ಭಾರ ಮಾಡುತ್ತದೆ.

ಹೆಜ್ಜೆ 7: ಜನರ ಜೊತೆ

"ಏನಾದರೂ ಬೇಕಾದರೆ ಹೇಳು" ಅನ್ನುವವರಿಗೆ ಏನು ಬೇಕು ಅಂತ ನಿಜವಾಗಿಯೂ ಹೇಳಿ. "ಗುರುವಾರ ಸಂಜೆ ಬಂದು ಒಂದು ಗಂಟೆ ಕೂತ್ಕೋ. ಮಾತಾಡದಿದ್ದರೂ ಪರವಾಗಿಲ್ಲ." ಹೀಗೆ ಹೇಳಿದರೆ ಅವರಿಗೂ ಸಲೀಸು.

ಒಡಹುಟ್ಟಿದವರ ನಡುವೆ ಈಗ ಕಿಡಿ ಹಾರುತ್ತದೆ. ನೋಡಿಕೊಂಡವರು ಒಬ್ಬರು, ಫೋನ್‌ನಲ್ಲಿ ವಿಚಾರಿಸಿದವರು ಇನ್ನೊಬ್ಬರು. ಈಗ "ಇನ್ನೊಂದು ಆಸ್ಪತ್ರೆಗೆ ತೋರಿಸಬಹುದಿತ್ತು" ಅಂತ ದೂರದಲ್ಲಿದ್ದವರು ಅಂದರೆ ಮೈಯೆಲ್ಲ ಉರಿಯುತ್ತದೆ. ಅವರ ಆ ಮಾತಿನ ಹಿಂದೆ ತಾವು ಇರಲಿಲ್ಲವಲ್ಲ ಅನ್ನೋ ಸಂಕಟ ಇರುತ್ತದೆ. ಆದರೂ ಅದನ್ನು ನೀವು ನುಂಗಿಕೊಳ್ಳಬೇಕಿಲ್ಲ. "ಆ ನಿರ್ಧಾರಗಳನ್ನು ವೈದ್ಯರ ಜೊತೆ ಕೂತು ಮಾಡಿದ್ದು. ಬೇಕಿದ್ದರೆ ನೀನೇ ಅವರನ್ನು ಕೇಳು. ನನ್ನನ್ನು ಈಗ ಕೇಳಬೇಡ." ಇಷ್ಟು ಹೇಳಿ ಸುಮ್ಮನಾಗಿ. ಆಸ್ತಿಯ ಮಾತನ್ನು ಅದೇ ದಿನ ಎತ್ತಬೇಡಿ, ಎತ್ತಲೂ ಬಿಡಬೇಡಿ.

ಮಕ್ಕಳಿಗೆ "ಸತ್ತರು" ಅಂತಲೇ ಹೇಳಿ. "ಮಲಗಿದ್ದಾರೆ", "ದೂರ ಹೋಗಿದ್ದಾರೆ" ಅಂದರೆ ಚಿಕ್ಕ ಮಕ್ಕಳು ಮಲಗಲು ಹೆದರುತ್ತಾರೆ, ಅಥವಾ ಬಾಗಿಲು ಕಾಯುತ್ತಾರೆ. ಮಗು ಒಂದು ನಿಮಿಷ ಅತ್ತು ಮರುನಿಮಿಷ ಆಟಕ್ಕೆ ಓಡಿದರೆ ಗದರಬೇಡಿ, ಅವರು ದುಃಖಿಸುವ ರೀತಿಯೇ ಅದು. ತನ್ನಿಂದಲೇ ಹೀಗಾಯಿತು ಅಂತ ಅನೇಕ ಮಕ್ಕಳು ಒಳಗೊಳಗೇ ಅಂದುಕೊಂಡಿರುತ್ತಾರೆ. ಕೇಳದಿದ್ದರೂ "ನಿನ್ನಿಂದ ಆಗಿದ್ದಲ್ಲ" ಅಂತ ಹೇಳಿ.

ಹೆಜ್ಜೆ 8: ಸಹಾಯ ಯಾವಾಗ, ಎಲ್ಲಿ

ಬಹುತೇಕರಿಗೆ ಚಿಕಿತ್ಸೆ ಬೇಕಾಗುವುದಿಲ್ಲ. ಕಿವಿಗೊಡುವ ಒಂದಿಬ್ಬರು, ಮತ್ತು ಸಮಯ, ಸಾಕಾಗುತ್ತದೆ. ಆದರೆ ತಿಂಗಳುಗಳು ಕಳೆದರೂ ಮೊದಲ ವಾರದಷ್ಟೇ ಹಂಬಲ, ದಿನದ ಕೆಲಸವೇ ಆಗುತ್ತಿಲ್ಲ, ಅವರಿಲ್ಲದೆ ನಾನು ಯಾರು ಅನ್ನೋದೇ ಗೊತ್ತಾಗುತ್ತಿಲ್ಲ ಅಂದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇದನ್ನು ದೀರ್ಘಕಾಲದ ದುಃಖದ ತೊಂದರೆ ಅಂತ ಗುರುತಿಸುತ್ತದೆ, ಕನಿಷ್ಠ 6 ತಿಂಗಳು ಕಳೆದ ಮೇಲೆ. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತನ್ನ ಕೈಪಿಡಿಗೆ ಸೇರಿಸಿದಾಗ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಅಂತ ಇಟ್ಟಿತು. ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ. ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ರೂಪಿಸಿದ ವಿಧಾನದಲ್ಲಿ ಸುಮಾರು 16 ಭೇಟಿಗಳಿರುತ್ತವೆ.

ಆ ತಿಂಗಳುಗಳು ರೋಗ ಅಂತ ಹೆಸರಿಡಲು ಇಟ್ಟ ಗಡುವು, ಸಹಾಯ ಕೇಳಲು ಅಲ್ಲ. ಸಾಯಬೇಕು ಅನ್ನೋ ಯೋಚನೆ ಬಂದರೆ, ಅವರ ಹಿಂದೆ ಹೋಗಿಬಿಡೋಣ ಅನ್ನಿಸಿದರೆ, ಅದೇ ದಿನ, ಅದೇ ಗಂಟೆಯಲ್ಲಿ ಯಾರಿಗಾದರೂ ಹೇಳಿ. ಒಬ್ಬರೇ ಇರಬೇಡಿ. ತುರ್ತು ಸಹಾಯವಾಣಿಗೆ ಫೋನ್ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಕುಡಿತ ಹೆಚ್ಚಿದರೆ, ಊಟ ಪೂರ್ತಿ ಬಿಟ್ಟರೆ, ಸಾವಿನ ದೃಶ್ಯ ಕಣ್ಣಮುಂದೆ ಪದೇ ಪದೇ ಬಂದು ಬೆಚ್ಚಿಬೀಳುತ್ತಿದ್ದರೆ ಕೂಡ ಕಾಯಬೇಡಿ.

ಎಲ್ಲಿ ಕೇಳುವುದು? ರೋಗಿಗೆ ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯಲ್ಲಿ ನೋವು, ನರಳಾಟ ಕಡಿಮೆ ಮಾಡುವ ಆರೈಕೆ, ಸಿಕ್ಕಿದ್ದರೆ ಮೊದಲು ಅಲ್ಲೇ. ಬ್ರಿಟನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ, ಸಾವಿನ ಹತ್ತಿರ ಇರುವವರನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದಾಗಲೇ ಮನೆಯವರ ಆರೈಕೆ ಆ ಕೆಲಸದ ಭಾಗವಾಗಿತ್ತು. ಸಾವಿನ ನಂತರ ಕುಟುಂಬಕ್ಕೆ ಆಸರೆಯಾಗುವುದು ಉಪಕಾರವಲ್ಲ, ಪ್ಯಾಲಿಯೇಟಿವ್ ಕೇರ್‌ನ ಕೆಲಸವೇ. ಆದ್ದರಿಂದ ಸಂಕೋಚವಿಲ್ಲದೆ ಕೇಳಿ. ಇಲ್ಲದಿದ್ದರೆ ಕುಟುಂಬ ವೈದ್ಯರು, ಆಪ್ತಸಮಾಲೋಚಕರು, ಇಲ್ಲವೇ ಇದೇ ದಾರಿಯಲ್ಲಿ ನಡೆದವರ ಗುಂಪು. ಒಂದು ಗುಂಪು ನಿಮಗೆ ಹೊಂದದಿದ್ದರೆ ಬಿಟ್ಟು ಇನ್ನೊಂದನ್ನು ನೋಡಿ.

ಸುತ್ತ ಇರುವವರಿಗೆ

ಮೊದಲ ವಾರ ಮನೆ ತುಂಬ ಜನ ಇರುತ್ತಾರೆ. ನೀವು ಐದನೆಯ ವಾರ ಹೋಗಿ. ಹೋದವರ ಹೆಸರು ಹಿಡಿದು ಮಾತಾಡಿ, ಹೆಸರು ಎತ್ತಿದರೆ ಅಳುತ್ತಾರೆ ಅಂತ ಹೆದರಬೇಡಿ. "ಒಳ್ಳೇದೇ ಆಯ್ತು ಬಿಡು, ಬಿಡುಗಡೆ ಸಿಕ್ತು" ಅನ್ನೋ ಮಾತು ನೋಡಿಕೊಂಡವರ ಬಾಯಿಂದ ಬರಬಹುದು, ನಿಮ್ಮ ಬಾಯಿಂದ ಬೇಡ. "ನೀನು ಅವರನ್ನು ಚೆನ್ನಾಗಿ ನೋಡಿಕೊಂಡೆ" ಅಂತ ಹೇಳಿ, ಕಂಡ ಒಂದು ವಿಷಯದ ಜೊತೆಗೆ: "ಆ ದಿನ ನೀನು ಅವರ ತುಟಿ ಒದ್ದೆ ಮಾಡುತ್ತಿದ್ದದ್ದನ್ನು ನೋಡಿದ್ದೆ." ಸಾವಿನ ತಾರೀಕು, ಹುಟ್ಟುಹಬ್ಬ ಎರಡನ್ನೂ ಬರೆದಿಟ್ಟುಕೊಂಡು ಆ ದಿನ ಫೋನ್ ಮಾಡಿ.

ಇನ್ನೊಂದು ವಿಷಯ. ಕುಟುಂಬದಲ್ಲಿ ಮತ್ತೊಬ್ಬರು ಹಾಸಿಗೆ ಹಿಡಿದಾಗ ಎಲ್ಲರ ಕಣ್ಣು ಹಿಂದೆ ಆರೈಕೆ ಮಾಡಿದವರ ಮೇಲೇ ಬೀಳುತ್ತದೆ: "ಅವಳಿಗೆ ಎಲ್ಲ ಗೊತ್ತು, ಈಗ ಬಿಡುವಾಗಿದ್ದಾಳೆ." ಹಾಗೆ ಕೇಳುವ ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿ. ಆರೈಕೆ ಮಾಡಿದ ನಿಮ್ಮನ್ನೇ ಯಾರಾದರೂ ಕೇಳಿದರೆ ಅಲ್ಲೇ ಹೂಂ ಅನ್ನಬೇಡಿ, ಎರಡು ದಿನ ಸಮಯ ತೆಗೆದುಕೊಳ್ಳಿ. ಆಗುವುದಿಲ್ಲ ಅನ್ನಿಸಿದರೆ ಇಷ್ಟು ಹೇಳಿದರೆ ಸಾಕು: "ನನ್ನ ಕೈಲಿ ಈ ವರ್ಷ ಆಗಲ್ಲ. ಯಾವ ಮಂಚ ತರಬೇಕು, ಹೇಗೆ ಮಗ್ಗುಲು ಬದಲಿಸಬೇಕು, ಒಂದು ಮಧ್ಯಾಹ್ನ ಬಂದು ತೋರಿಸಿಕೊಡ್ತೀನಿ."